ತಗಡಿನಲ್ಲೊಂದು ತೂತು

ಬೆಳಕು ಇನ್ನೂ ಬೇಲಿ ದಾಟಿ ಒಳಗೆ ಬಂದಿಲ್ಲ, ಅಗ್ಲಾಯಾ ಆಗಲೇ ನಮ್ಮ ಮನೆಯೊಳಗೆ ಏಣಿ ಹಾಕಿ ನಿಂತಿದ್ದಾರೆ. ರಾತ್ರಿ ಈ ವರ್ಷದ ಮೊದಲ ಗಟ್ಟಿ ಹಿಮ ಬಿದ್ದಿದೆ. ಇನ್ನು ನಮ್ಮ ಬೆಟ್ಟದೂರು ಪೊಯಾನಾ ರೇಚೆಯಲ್ಲಿ ಏಪ್ರಿಲ್‌ವರೆಗೆ ಯಾರ ಮನೆಯ ಒಲೆಯೂ ಆರುವಂತಿಲ್ಲ. ಅರವತ್ತು ದಾಟಿದ ಹೆಂಗಸು, ಗಂಡಸಿನ ಪ್ಯಾಂಟು, ತಲೆಗೆ ಬಿಗಿದ ಕಪ್ಪು ವಸ್ತ್ರ, ಮೊಣಕೈವರೆಗೂ ಹೊಗೆಮಸಿಯ ಇಲ್ಲಣ. ಒಲೆಯ ಮೇಲುಗಡೆ, ಹೊಗೆ ಚಿಮಣಿಗೆ ಹೋಗುವ ಕುತ್ತಿಗೆಯಲ್ಲಿ, ಕಬ್ಬಿಣದ ತಗಡೊಂದು ಹಿಂದೆ ಮುಂದೆ ಸರಿಯುತ್ತದೆ. ಅದನ್ನು ಎಳೆದು ತೆಗೆದು ದೀಪದ ಕಡೆ ಹಿಡಿಯುತ್ತಾರೆ. ನಡುವಿನ ತೂತಿನಿಂದ ಬೆಳಕು ಕಾಣಬೇಕು. ಕಾಣುತ್ತಿಲ್ಲ.

"ಸವೇತಾ! ಬಾರೇ ಇಲ್ಲಿ. ಏನೇ ಇದು?"

ಸವೇತಾ ನನ್ನ ಅತ್ತೆ. ಬೇಕೆಂದೇ ಮೆಕ್ಕೆಜೋಳದ ಹಿಟ್ಟಿನ ಪಾತ್ರೆಯೊಳಗೆ ತಲೆ ಹಾಕಿಕೊಂಡು ನಿಂತಿದ್ದಾರೆ. "ಏನು ಅಂದ್ರೆ? ತಗಡು."

"ತೂತಿಗೆ ಮಣ್ಣು ಮೆತ್ತಿದ್ದು ಯಾರು?"

"ಕಣಜ ಗೂಡು ಕಟ್ಟಿರ್ಬೇಕು."

"ಕಣಜಕ್ಕೆ ಹೆಬ್ಬೆರಳು ಇರುತ್ತೇನೇ? ನಿನ್ನ ಬೆರಳಿನ ಗೆರೆ ಕೂತಿದೆ ಇದರ ಮೇಲೆ, ಕಳ್ಳಿ!"

ಸಿಕ್ಕಿಬಿದ್ದ ಮೇಲೆ ಅತ್ತೆ ಸುಮ್ಮನಿರುವ ಜಾತಿಯಲ್ಲ. "ಹೌದು, ನಾನೇ ಮೆತ್ತಿದ್ದು. ಏನೀಗ? ನಿನ್ನ ತೂತಿನಿಂದ ಮನೆ ಬಿಸಿಯೆಲ್ಲ ಕಾಗೆಗಳಿಗೆ ಹೋಗ್ತಿದೆ. ಕಾಗೆಗೆ ಮೈ ಕಾಯಿಸೋಕೆ ನಾವು ಸೌದೆ ಒಡೀಬೇಕಾ?"

"ಒಡಿ. ಕಾಗೆಯೂ ಬದುಕುತ್ತೆ, ನೀನೂ ಬದುಕ್ತೀಯ," ಎನ್ನುತ್ತಾ ಅಗ್ಲಾಯಾ ಮೊಳೆಯಿಂದ ಮಣ್ಣು ಕುಕ್ಕಿ ಉದುರಿಸುತ್ತಾರೆ. ದನಿಯಲ್ಲಿ ನಗು ಇಲ್ಲ. ಅದನ್ನು ಕೇಳಿ ಅತ್ತೆಯೂ ಜಗಳ ಬಿಟ್ಟು ಹೋಗಿ ಹಾಲು ಕಾಯಿಸಿ ತಂದಿಡುತ್ತಾರೆ.

ನಮ್ಮ ಒಲೆಗಳ ಸಂಗತಿ ಇಷ್ಟು. ಆಳೆತ್ತರದ, ಹೊಳೆಯುವ ಹೆಂಚು ಹೊದ್ದ ಒಲೆ ಕೋಣೆಯ ಮೂಲೆಯಲ್ಲಿ ನಿಂತಿರುತ್ತದೆ. ಸಂಜೆ ಒಂದು ಹೊರೆ ಬೀಚ್ ಮರದ ಸೌದೆ ಉರಿಸಿ, ಕೆಂಡವೆಲ್ಲ ಬೂದಿಯಾದ ಮೇಲೆ ತಗಡು ತಳ್ಳಿ ಚಿಮಣಿ ಮುಚ್ಚಿದರೆ ಬಿಸಿ ಬೆಳಗಿನವರೆಗೂ ಇಟ್ಟಿಗೆಯಲ್ಲೇ ಉಳಿಯುತ್ತದೆ. ಕೆಂಡ ಆರುವ ಮೊದಲೇ ತಳ್ಳಿದರೆ ಬಿಸಿಯ ಜೊತೆಗೆ ವಿಷವೂ ಒಳಗೇ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕೆಂಡದ ಮೇಲೆ ನೀಲಿ ಉರಿ ಆಡುತ್ತಿದ್ದರೆ ತಗಡು ಮುಟ್ಟಬಾರದು ಎಂದು ಊರಿನ ಕೂಸಿಗೂ ಗೊತ್ತು. ಆದರೂ ಪ್ರತಿ ಚಳಿಗಾಲ ಯಾವುದೋ ಊರಿನಲ್ಲಿ ಯಾರೋ ಬೇಗ ತಳ್ಳುತ್ತಾರೆ. ಯಾಕೆ ಅಂತೀರಾ? ನಮ್ಮಲ್ಲಿ ಸೊಸೆಯ ಜಾಣತನ ಅಳೆಯುವುದೇ ಆ ತಗಡಿನಲ್ಲಿ. ತಡವಾಗಿ ಮುಚ್ಚುವವಳಿಗೆ "ಆಕಾಶ ಕಾಯಿಸುವವಳು" ಎಂದು ಹೆಸರು. ಮದುವೆಯಾದ ಹೊಸದರಲ್ಲಿ ನನಗೂ ಆ ಬಿರುದು ಸಿಕ್ಕಿತ್ತು. ಕೊಟ್ಟವರು ಯಾರೆಂದು ಬಿಡಿಸಿ ಹೇಳಬೇಕೆ?

ಅಗ್ಲಾಯಾ ಈ ಸುತ್ತಿನ ಊರುಗಳ ಒಲೆ ಕಟ್ಟುವವರು. ಅವರ ಅಪ್ಪನೂ ಅದೇ ಕೆಲಸದವರು. ಗಂಡುಮಕ್ಕಳಿಲ್ಲದ್ದರಿಂದ ಮಣ್ಣು ತುಳಿಯಲು ಮಗಳನ್ನೇ ಕರೆದುಕೊಂಡು ಹೋಗುತ್ತಿದ್ದರು. ಜೇಡಿಮಣ್ಣು, ಮರಳು, ಕುದುರೆ ಲದ್ದಿ ಹಾಕಿ ಬರಿಗಾಲಲ್ಲಿ ತುಳಿಯುವುದು. ಅಪ್ಪ ತೀರಿಕೊಂಡ ಮೇಲೆ ಕರಣೆ ಮಗಳ ಕೈಗೆ ಬಂತು. "ಹೆಂಗಸು ಕಟ್ಟಿದ ಒಲೆ ಮನೆಯೊಳಗೇ ಹೊಗೆ ಕಾರುತ್ತೆ ಅಂತ ಆಡ್ಕೊಂಡ್ರು," ಎನ್ನುತ್ತಾರೆ. "ಒಂದು ಚಳಿಗಾಲ ಆಡ್ಕೊಂಡ್ರು. ಮುಂದಿನ ಚಳಿಗಾಲ ಅವರೇ ಬಂದು ಕರೆದ್ರು." ಗಂಡ ಕಾಡಿನಲ್ಲಿ ಮರ ಬಿದ್ದು ಸತ್ತಾಗ ಮಗಳು ದೊಮ್ನಿಕಾ ಇನ್ನೂ ಚಿಕ್ಕವಳು. ಒಲೆ ಕಟ್ಟಿಯೇ ಸಾಕಿದರು. ಸುಣ್ಣ ತಿಂದು ಅಂಗೈ ಒಡೆದಿದೆ, ಮಂಡಿ ಹೋಗಿದೆ, ಇಲ್ಲಣ ಕುಡಿದು ಕುಡಿದು ಕೆಮ್ಮು ನಿಂತಿಲ್ಲ. ಚಳಿಗಾಲಕ್ಕೆ ಮುಂಚೆ ದಿನಕ್ಕೆ ಮೂರು ಮನೆ, ಕೆಲವೊಮ್ಮೆ ನಾಲ್ಕು. ಊಟಕ್ಕೆ ಕರೆದರೆ ಕೈ ತೊಳೆದು ಬರುವಷ್ಟರಲ್ಲಿ ಮುದ್ದೆ ಆರಿರುತ್ತದೆ ಎಂದು ನಿಂತೇ ತಿನ್ನುತ್ತಾರೆ.

ಹಾಲಿನ ಲೋಟ ಹಿಡಿದು ಅವರು ನಿಧಾನವಾಗಿ ಹೇಳುತ್ತಾರೆ: "ನಾಳೆ ಇಲಾರಿಯೋನ್ ಮನೆಗೆ ಹೋಗ್ತೀನಿ. ಆ ಒಲೆ ಹಚ್ಚೋಕೆ."

ಅತ್ತೆ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. "ಅವನು ಬಿಡ್ತಾನೇನೇ?"

"ಬಿಡಲ್ಲ ಅಂತಿದ್ದಾನೆ. ಹೋಗ್ತೀನಿ."

ಇಲಾರಿಯೋನ್ ಅವರ ಬೀಗರು. ದೊಮ್ನಿಕಾಳನ್ನು ಅವರ ಮಗ ತೊವಾದೆರ್‌ಗೆ ಕೊಟ್ಟಿದ್ದರು. ಗಂಡನ ಮನೆಯ ಅಂಗಳದಲ್ಲೇ ಹೊಸ ದಂಪತಿಗೊಂದು ಮನೆ ಎದ್ದಿತು. ಮಗಳಿಗೆ ಬಳುವಳಿಯಾಗಿ ಅಗ್ಲಾಯಾ ಅಲ್ಲೊಂದು ಒಲೆ ಕಟ್ಟಿಕೊಟ್ಟರು, ಹಸಿರು ಹೆಂಚಿನದು. ತಗಡನ್ನು ಕಮ್ಮಾರನ ಹತ್ತಿರ ಮತ್ತೆ ಮತ್ತೆ ಉಜ್ಜಿಸಿ ಕೂದಲೆಳೆ ನುಸುಳದಷ್ಟು ಬಿಗಿಯಾಗಿ ಕೂರಿಸಿದರು. ತೂತು ಹಾಕುವ ಪದ್ಧತಿ ಆಗ ಅವರಿಗಿರಲಿಲ್ಲ. "ಬೀಗರ ಮನೇಲಿ ನನ್ನ ಮಗಳು ಆಕಾಶ ಕಾಯಿಸ್ತಾಳೆ ಅನ್ನಿಸ್ಕೋಬಾರ್ದು ಅಂತಿತ್ತು ನನಗೆ," ಎನ್ನುತ್ತಾರೆ. "ಊರಲ್ಲೇ ಅಂಥ ತಗಡು ಇಲ್ಲ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ದೆ. ಕೊಬ್ಬು."

ಮದುವೆಯಾಗಿ ಮೂರನೆಯ ಚಳಿಗಾಲ. ಅವರ ಎರಡು ವರ್ಷದ ಮಗಳು ರುಕ್ಸಾಂದಾಗೆ ಕೆಮ್ಮೆಂದು ಅಗ್ಲಾಯಾ ತಮ್ಮ ಮನೆಗೆ ಎತ್ತಿಕೊಂಡು ಹೋಗಿದ್ದರು. ಬೆಳಿಗ್ಗೆ ಇಲಾರಿಯೋನ್ ಮಗನ ಮನೆಯ ಬಾಗಿಲು ಬಡಿದರು, ತೆಗೆಯಲಿಲ್ಲ. ಮುರಿದು ಒಳಗೆ ಹೋದರು. ಊರವರು ಓಡಿ ಬಂದಾಗ ಗಂಡ ಹೆಂಡತಿ ಹಾಸಿಗೆಯಲ್ಲಿ ಮಲಗಿದ್ದರು, ಗಲ್ಲದವರೆಗೆ ಕಂಬಳಿ. ಊರು ಒಂದೇ ಮಾತು ಹೇಳಿತು. ನನ್ನ ಅತ್ತೆ ಹೇಳಿದರು, ಪಾದ್ರಿಯೂ ಹೇಳಿದರು: ನಿದ್ದೆಯಲ್ಲೇ ಹೋದರು, ಗೊತ್ತೇ ಆಗಲಿಲ್ಲ.

"ಅದೊಂದು ಮಾತಿಲ್ದಿದ್ರೆ ನಾನು ಆವತ್ತೇ ಬಾವಿ ನೋಡ್ಕೋತಿದ್ದೆ," ಎನ್ನುತ್ತಾರೆ ಅಗ್ಲಾಯಾ. "ಬೇಗ ತಗಡು ಮುಚ್ಚಿದ್ದು ನನ್ನ ಮಗಳೇ. ಅಳಿಯ ಅಂಥ ಲೆಕ್ಕಾಚಾರದ ಮನುಷ್ಯ ಅಲ್ಲ. ಮುಚ್ಚು ಮುಚ್ಚು ಅಂತ ಚಿಕ್ಕಂದಿನಿಂದ ಅವಳಿಗೆ ಹೇಳ್ಕೊಟ್ಟಿದ್ದು ನಾನು. ಆದ್ರೂ ನೋವಿಲ್ದೆ ಹೋದ್ಲಲ್ಲ. ಮಲಗಿದ್ಲು, ಏಳಲಿಲ್ಲ. ಅಷ್ಟೇ."

ಮಣ್ಣು ಮಾಡಿದ ದಿನ ಇಲಾರಿಯೋನ್ ಎಲ್ಲರ ಮುಂದೆ ಒಂದು ಮಾತು ಆಡಿದರು: "ನಿಮ್ಮ ತಗಡು ನನ್ನ ಮಗನ್ನ ತಿಂತು." ಆಮೇಲೆ ಮಾತೇ ಬಿಟ್ಟರು. ಆ ಮನೆಗೆ ಬೀಗ ಹಾಕಿದರು. ಅಗ್ಲಾಯಾ ಎದುರು ಬಂದರೆ ಬೇಲಿ ಹಾರಿ ಬೇರೆ ದಾರಿ ಹಿಡಿಯುತ್ತಿದ್ದರು, ಈ ಹದಿನೆಂಟು ವರ್ಷವೂ. ಅಗ್ಲಾಯಾ ಮಾತ್ರ ನಲವತ್ತನೆಯ ದಿನದ ತಿಥಿ ಮುಗಿಸಿ, ಕೊರೆಯುವ ಕೈಯಂತ್ರ ಹೆಗಲಿಗೆ ಹಾಕಿಕೊಂಡು, ತಾನು ಕಟ್ಟಿದ ಒಲೆಗಳಿದ್ದ ಪ್ರತಿ ಮನೆಗೂ ಹೋಗಿ ತಗಡಿಗೆ ತೂತು ಹಾಕಿದರು. ಯಾರಾದರೂ ಮರೆತು ಬೇಗ ಮುಚ್ಚಿದರೂ ವಿಷ ಹೊರಗೆ ಹೋಗಲೊಂದು ದಾರಿ ಇರಲಿ ಎಂದು. ಕೆಲವರು ಬಾಗಿಲು ತೆಗೆಯಲಿಲ್ಲ. ಕೆಲವರು ತೆಗೆದು ಬೈದರು. ಮಕ್ಕಳು "ತೂತಿನ ಅಗ್ಲಾಯಾ" ಎಂದು ಹಿಂದೆ ಬಂದರು. ಈಗಲೂ ಪ್ರತಿ ವರ್ಷ ಮೊದಲ ಹಿಮಕ್ಕೆ ಹೊರಟು ಯಾರು ಮಣ್ಣು ಮೆತ್ತಿದ್ದಾರೆ, ಯಾರು ಚಿಂದಿ ತುರುಕಿದ್ದಾರೆ ಎಂದು ನೋಡುತ್ತಾರೆ. ಇದಕ್ಕೆ ಅವರಿಗೆ ಯಾರೂ ಸನ್ಮಾನ ಮಾಡಿಲ್ಲ. ಮಾಡಿದ್ದರೆ ಆ ಶಾಲನ್ನೂ ಯಾರದೋ ಚಿಮಣಿ ಒರೆಸಲು ಬಳಸುತ್ತಿದ್ದರೇನೋ.

ಅಜ್ಜಿಯ ಮಡಿಲಲ್ಲಿ ಬೆಳೆದ ರುಕ್ಸಾಂದಾಗೆ ಈಗ ಮದುವೆಯಾಗಿದೆ, ಕೈಯಲ್ಲಿ ಮೂರು ತಿಂಗಳ ಕೂಸು. ಗಂಡನ ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲ. ಅಪ್ಪ ಅಮ್ಮನ ಮನೆಗೆ ಬಂದು ಇರುತ್ತೇನೆ ಎಂದು ತಾತನನ್ನು ಕೇಳಿದ್ದಾಳೆ. ಇಲಾರಿಯೋನ್ ಒಪ್ಪಿದ್ದಾರೆ, ಆದರೆ ಒಂದು ಷರತ್ತು: ಪಟ್ಟಣದಿಂದ ಬೇರೆ ಮೇಸ್ತ್ರಿ ಬಂದು ಆ ಒಲೆ ಒಡೆದು ಹಳ್ಳಕ್ಕೆ ಎಸೆಯಬೇಕು. ಅಗ್ಲಾಯಾ ಅದನ್ನು ಮುಟ್ಟಬಾರದು. ರುಕ್ಸಾಂದಾ ಹಟಮಾರಿ. ಅಜ್ಜಿ ಬಂದು ಅಮ್ಮನ ಒಲೆ ಹಚ್ಚಿಕೊಟ್ಟರೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಿದ್ದಾಳೆ.

"ನನ್ನ ಕೈಯಿಂದ ಕೆಟ್ಟಿದ್ದು ನನ್ನ ಕೈಯಿಂದಲೇ ಸರಿಯಾಗ್ಬೇಕು," ಎಂದು ಲೋಟ ಕೆಳಗಿಡುತ್ತಾರೆ ಅಗ್ಲಾಯಾ. "ಆ ಕೂಸು ಆ ಕೋಣೇಲಿ ಬೆಚ್ಚಗೆ ಒಂದು ನಿದ್ದೆ ಮಾಡಿ ಎದ್ರೆ ಸಾಕು. ಮತ್ತೇನೂ ಕೇಳಲ್ಲ ನಾನು ದೇವರನ್ನ."

ಪತ್ರಿಕೆಗೆ ಊರಿನ ಸಂಗತಿ ಬರೆಯುವವಳು ನಾನು; ಮರುದಿನ ಅಗ್ಲಾಯಾ, ರುಕ್ಸಾಂದಾ ಜೊತೆಗೆ ನಾನೂ ಹೋಗುತ್ತೇನೆ. ಬಾಗಿಲಿಗೆ ಅಡ್ಡವಾಗಿ ಇಲಾರಿಯೋನ್ ನಿಂತಿದ್ದಾರೆ. ಎಪ್ಪತ್ತು ದಾಟಿದ ದೊಡ್ಡ ಆಳು, ಕುರಿ ಚರ್ಮದ ಟೋಪಿ ಕೈಯಲ್ಲಿ ಹಿಂಡುತ್ತಿದ್ದಾರೆ. ಅಗ್ಲಾಯಾ ಕಡೆ ನೋಡದೆ ಮೊಮ್ಮಗಳಿಗೆ ಹೇಳುತ್ತಾರೆ: "ಬೇಡ ಅಂದಿದ್ದೆ ನಾನು."

"ಅಜ್ಜಿ ಮೇಲಿನ ಸಿಟ್ಟನ್ನ ಒಲೆ ಮೇಲೆ ತೀರಿಸ್ಕೋತೀರಾ ತಾತ?"

"ಸಿಟ್ಟಲ್ಲ ಕಣೇ."

"ಮತ್ತೇನು?"

ಕೂಸನ್ನು ಎದೆಗವಚಿಕೊಂಡೇ ರುಕ್ಸಾಂದಾ ತಾತನ ಪಕ್ಕದಿಂದ ನುಗ್ಗಿ ಒಳಗೆ ಹೋಗುತ್ತಾಳೆ, ನಾವೂ ಹಿಂದೆ. ಕೋಣೆಯಲ್ಲಿ ಮುಗ್ಗಲು ವಾಸನೆ. ಹಸಿರು ಹೆಂಚಿನ ಮೇಲೆ ಬೆರಳು ದಪ್ಪ ಧೂಳು. ಅಗ್ಲಾಯಾ ಹೋಗಿ ಹೆಂಚಿನ ಮೇಲೆ ಅಂಗೈ ಇಡುತ್ತಾರೆ. ಆಮೇಲೆ ತಲೆವಸ್ತ್ರದ ತುದಿಯಿಂದ ಅದನ್ನು ಒರೆಸುತ್ತಾರೆ.

"ಒಲೆ ಬೇಕಾದ್ರೆ ಇರ್ಲಿ," ಎಂದು ಹಿಂದಿನಿಂದ ಇಲಾರಿಯೋನ್ ದನಿ. "ತಗಡು ನಾನು ತೆಗೀತೀನಿ. ಅವರು ಆಚೆ ಇರ್ಲಿ."

ಹೇಳಿದಂತೆ ಏಣಿ ಹತ್ತಿದರು, ಆದರೆ ಉಳಿ ಜಾರಿ ಬಿತ್ತು. "ಇಳೀರಿ ಬೀಗರೇ," ಎಂದರು ಅಗ್ಲಾಯಾ. "ಈ ವಯಸ್ಸಲ್ಲಿ ಸೊಂಟ ಮುರ್ಕೊಂಡ್ರೆ ನೋಡ್ಕೊಳ್ಳೋರು ಯಾರು? ನನ್ನ ಮೇಲಿನ ಹಗೆ ಸಂಜೆ ತೀರಿಸ್ಕೊಳ್ಳಿ." ಅವರು ಇಳಿದರು, ಇಳಿದರೂ ಏಣಿ ಬಿಡಲಿಲ್ಲ. "ಬೇಡ ತಾಯಿ. ಕೈ ಮುಗೀತೀನಿ," ಎಂದರು. ಅಗ್ಲಾಯಾ ಅವರ ಕೈ ಸರಿಸಿ ಹತ್ತಿಯೇಬಿಟ್ಟರು.

ಸುತ್ತಲಿನ ನಾಲ್ಕು ಹೆಂಚು ಬಿಚ್ಚಿ, ಮಣ್ಣು ಕೆರೆದು, ತಗಡನ್ನು ಎಳೆಯುತ್ತಾರೆ. ಬರುವುದಿಲ್ಲ. ಉಳಿ ಇಟ್ಟು ಬಡಿಯುತ್ತಾರೆ. ಕೊನೆಗೆ ಚೌಕಟ್ಟಿನ ಸಮೇತ ಕಿತ್ತು ಬರುತ್ತದೆ. ಕೆಳಗಿನಿಂದ ಕಾಣದ ಅದರ ಹಿಡಿ ಒಂದು ಪಕ್ಕಕ್ಕೆ ಬಾಗಿದೆ. ಹಿಡಿಗೆ ಸುತ್ತಿದ ಬಟ್ಟೆಯ ತುಂಡೊಂದು ಸುಟ್ಟು ಕಬ್ಬಿಣಕ್ಕೇ ಅಂಟಿಕೊಂಡಿದೆ. ಅಂಚಿನಲ್ಲಿ ಎರಡು ಬೆರಳಗಲ ಕೆಂಪು ಕಸೂತಿ ಸುಡದೆ ಉಳಿದಿದೆ. ಅಗ್ಲಾಯಾ ಅದನ್ನು ನೋಡುತ್ತಾರೆ. ಮಗಳ ಮದುವೆಗೆಂದು ತಾವೇ ನೇಯ್ದ ಕೈವಸ್ತ್ರದ ಅಂಚು ಅದು.

ಏಣಿ ಇಳಿಯಲು ಅವರಿಗೆ ಬಹಳ ಹೊತ್ತು ಹಿಡಿಯುತ್ತದೆ.

"ಇದು ಇಲ್ಲಿ ಯಾಕೆ ಸುತ್ತಿದೆ, ಬೀಗರೇ?"

"ಒರೆಸೋಕೆ ಇಟ್ಟಿರ್ಬೇಕು."

"ಹಿಡಿ ಬಾಗಿದೆ. ಕಬ್ಬಿಣ ಸುಮ್ಸುಮ್ನೆ ಬಾಗಲ್ಲ."

"ನಾನು ಬಾಗಿಸ್ದೆ. ಆಮೇಲೆ, ಸಿಟ್ಟಲ್ಲಿ."

"ಬಟ್ಟೆ ಸುಟ್ಟಿದೆ. ತಗಡು ಕಾದಿದ್ದಾಗ ಯಾರೋ ಹಿಡಿದು ಎಳೆದಿದ್ದಾರೆ." ತಗಡನ್ನು ಬೀಗರ ಮುಂದೆ ಹಿಡಿಯುತ್ತಾರೆ. "ಎಲ್ಲಿದ್ರು ಅವರು?"

"ಹಾಸಿಗೇಲಿ."

"ಬೀಗರೇ."

"ಹಾಸಿಗೇಲಿ ಅಂದೆನಲ್ಲ!" ಎಂದು ಇಲಾರಿಯೋನ್ ಕಿರುಚುತ್ತಾರೆ. ಕೂಸು ಬೆಚ್ಚಿ ಅಳುತ್ತದೆ. ಅದರ ಅಳುವಿನ ನಡುವೆಯೇ ಆ ದೊಡ್ಡ ಆಳು ಗೋಡೆಗೆ ಒರಗಿ ಕುಸಿಯುತ್ತಾರೆ. "ಇಲ್ಲೇ ಇದ್ರು. ಒಲೆ ಬುಡದಲ್ಲಿ. ಕುರ್ಚಿ ಉರುಳಿ ಬಿದ್ದಿತ್ತು. ನಿಮ್ಮ ಮಗಳ ಕೈಗೆ ಆ ಬಟ್ಟೆಯ ಇನ್ನರ್ಧ ಸುತ್ತಿತ್ತು. ನನ್ನ ಮಗ ಅವಳ ಕಾಲು ಹಿಡ್ಕೊಂಡಿದ್ದ, ಬೀಳದೆ ಇರ್ಲಿ ಅಂತ ಹಿಡಿದಿರ್ಬೇಕು. ನಿಮಗೆ ಹೇಳಿ ಕಳ್ಸೋ ಮೊದ್ಲು ಇಬ್ಬರನ್ನೂ ಎತ್ತಿ ಮಲಗಿಸ್ದೆ. ಕಂಬಳಿ ಹೊದಿಸ್ದೆ."

"ಬಾಗಿಲಿಗೆ ಯಾಕೆ ಹೋಗ್ಲಿಲ್ಲ?" ರುಕ್ಸಾಂದಾ ಕೇಳುತ್ತಾಳೆ. ಅವಳ ಮುಖ ಬಿಳಿಚಿದೆ.

"ಬುದ್ಧಿ ಮಂಕಾಗುತ್ತಂತೆ ಮಗಳೇ. ಕಾಲು ಎತ್ತಿಡೋಕೆ ಆಗಲ್ಲವಂತೆ. ತಗಡು ತೆಗೆದ್ರೆ ಸಾಕು ಅಂದ್ಕೊಂಡಿರ್ಬೇಕು."

ತಗಡು ತೆಗೆಯಲು ಬಂದಿರಲಿಲ್ಲ. ಬಿಸಿಗೆ ಹಿಗ್ಗಿ, ಕೂದಲೆಳೆ ನುಸುಳದಂತೆ ಉಜ್ಜಿಸಿದ ಆ ಚೌಕಟ್ಟಿನಲ್ಲಿ ಕಚ್ಚಿಕೊಂಡುಬಿಟ್ಟಿತ್ತು. ಇದನ್ನು ಅಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಗ್ಲಾಯಾ ನೆಲಕ್ಕೆ ಕುಳಿತು, ತಗಡನ್ನು ಮಡಿಲಲ್ಲಿ ಇಟ್ಟುಕೊಂಡು, "ಎದ್ದಿದ್ಲು. ನನ್ನ ಕಂದ ಎದ್ದಿದ್ಲು," ಎಂದು ಅಳುತ್ತಾರೆ. ಎದೆ ಬಡಿದುಕೊಂಡು ಅಳುವವರನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಇವರದು ಹಾಗಿರಲಿಲ್ಲ, ಹೆಬ್ಬೆರಳಿನಿಂದ ಆ ಕೆಂಪು ಕಸೂತಿಯನ್ನೇ ಸವರುತ್ತಿದ್ದರು. ನನಗೆ ನೋಡಲಾಗಲಿಲ್ಲ. ಹೊರಗೆ ಹೋಗಿ ಸೌದೆ ಒಟ್ಟಿನ ಹತ್ತಿರ ನಿಂತು ನಾನೂ ಕಣ್ಣೀರಿಟ್ಟೆ.

ಒಳಗೆ ಬಂದಾಗ ಇಲಾರಿಯೋನ್ ಅವರ ಎದುರಿಗೆ ನೆಲದಲ್ಲೇ ಕುಳಿತಿದ್ದಾರೆ. "ಮಣ್ಣಿನ ದಿನ ಸಿಟ್ಟಲ್ಲಿ ಬಾಯಿಂದ ಒಂದು ಮಾತು ಬಂತು," ಎನ್ನುತ್ತಿದ್ದಾರೆ. "ಅದೇ ನಿಮ್ಮನ್ನ ಅರ್ಧ ಕೊಂದಿತ್ತು. ಅದರ ಮೇಲೆ ಇದನ್ನೂ ಹೇಳೋಕಾಗುತ್ತಾ? ನಿಮ್ಮ ಎದುರು ನಿಂತ್ರೆ ಬಾಯಿ ಜಾರುತ್ತೆ ಅಂತ ದಾರಿ ಬಿಟ್ಟು ಹೋಗ್ತಿದ್ದೆ. ಹಗೆ ಅಂದ್ಕೊಂಡ್ರಿ. ಅಂದ್ಕೊಳ್ಳಲಿ ಬಿಡು ಅಂತ ಸುಮ್ನಾದೆ."

"ಇಷ್ಟು ವರ್ಷ ಒಬ್ಬರೇ ಹೊತ್ಕೊಂಡ್ರಾ?"

"ಇನ್ನೇನು ಮಾಡ್ಲಿ ಬೀಗಿತ್ತಿ?"

ಆ ದಿನ ಇನ್ನು ಕೆಲಸವಿಲ್ಲ ಎಂದೇ ನಾನು ಅಂದುಕೊಂಡೆ. ಆದರೆ ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಅಗ್ಲಾಯಾ ಎದ್ದು ನೀರು ತರಿಸಿ, ಬೂಟು ಬಿಚ್ಚಿ ಮಣ್ಣು ತುಳಿಯತೊಡಗಿದರು. ತುಳಿಯುತ್ತಲೇ ಅತ್ತರು, ಕಣ್ಣು ಒರೆಸಿಕೊಳ್ಳಲು ಹೋಗಿ ಮುಖವೆಲ್ಲ ಕೆಸರು ಮಾಡಿಕೊಂಡರು. ಈ ಸಲ ಚಿಮಣಿಯ ಕುತ್ತಿಗೆಗೆ ತಗಡೇ ಇಡಲಿಲ್ಲ, ಅದು ಸರಿಯುತ್ತಿದ್ದ ಸಂದನ್ನು ಇಟ್ಟಿಗೆ ಕಟ್ಟಿ ಮುಚ್ಚಿ, ಹೊಗೆಯ ದಾರಿಯನ್ನು ತೆರೆದೇ ಬಿಟ್ಟರು. ಬಿಸಿ ಹಿಡಿದಿಡಲು ಕೆಳಗೆ ಒಲೆಯ ಬಾಯಿಗೆ ಭದ್ರವಾದ ಬಾಗಿಲು ಕೂರಿಸಿದರು. ಇಲಾರಿಯೋನ್ ಒಂದೊಂದೇ ಇಟ್ಟಿಗೆ ಎತ್ತಿ ಕೊಟ್ಟರು. "ಸೌದೆ ಜಾಸ್ತಿ ತಿನ್ನುತ್ತೆ ಇದು," ಎಂದು ಅಗ್ಲಾಯಾ ಎಚ್ಚರಿಸಿದಾಗ, "ತಿನ್ಲಿ. ನಾನು ಸಾಯೋವರೆಗೂ ಒಡೆದು ಹಾಕ್ತೀನಿ," ಎಂದರು. ಮಣ್ಣು ಇನ್ನೂ ಹಸಿ, ಆದ್ದರಿಂದ ಬರೀ ಪುರಳೆ ಹಾಕಿ ಪುಟ್ಟ ಉರಿ. ಹೊಗೆ ಒಮ್ಮೆ ತಡವರಿಸಿ, ಆಮೇಲೆ ಮೇಲಕ್ಕೆ ಹೋಯಿತು. ರುಕ್ಸಾಂದಾ ಮೆಕ್ಕೆಜೋಳದ ಮುದ್ದೆ ತಿರುವಿ ಮರದ ಹಲಗೆಗೆ ಸುರಿದು, ಕುರಿ ಹಾಲಿನ ಚೀಸ್ ತಂದಿಟ್ಟಳು. ಬೀಗರಿಬ್ಬರೂ ಒಂದೇ ಹಲಗೆಯಿಂದ ತಿಂದರು. ಹೆಂಚು ಉಗುರುಬೆಚ್ಚಗಾಗುವ ಹೊತ್ತಿಗೆ ಕೂಸು ನಿದ್ದೆ ಹೋಗಿತ್ತು. ಅಗ್ಲಾಯಾ ಅದರ ಮೂಗಿನ ಬಳಿ ಬೆರಳಿಟ್ಟು ಕುಳಿತರು, ಅದು ಎದ್ದು ಅಳುವವರೆಗೂ ಬೆರಳು ತೆಗೆಯಲಿಲ್ಲ.

ಸಂಜೆ ಅಗ್ಲಾಯಾ ಜೊತೆ ನಡೆದು ಬರುವಾಗ ನಾನೇ ಮಾತು ತೆಗೆದೆ. "ಪತ್ರಿಕೆಗೆ ಬರೀತೀನಿ, ಆದ್ರೆ ಆ ಕೈವಸ್ತ್ರದ ಸಂಗತಿ ಬರೆಯಲ್ಲ ಅಕ್ಕ," ಎಂದೆ.

ಅವರು ನಿಂತರು. "ಯಾಕೆ ಬರೆಯಲ್ಲ?"

"ನಿಮಗೆ ನೋವು."

"ನೀನು ಬರೆದ್ರೂ ಅದು ಇರುತ್ತೆ, ಬಿಟ್ರೂ ಇರುತ್ತೆ. ನಿದ್ದೆಯಲ್ಲೇ ಹೋಗ್ತಾರೆ, ಗೊತ್ತೇ ಆಗಲ್ಲ ಅಂದ್ಕೊಂಡಿದ್ದಾರೆ ಎಲ್ಲ. ಅದಕ್ಕೇ ಯಾರಿಗೂ ಭಯ ಇಲ್ಲ. ಗೊತ್ತಾಗುತ್ತೆ ಅಂತ ಬರೆ. ಎದ್ದಿದ್ಲು, ಕುರ್ಚಿ ಹತ್ತಿದ್ಲು, ಕೈಲಾದಷ್ಟು ಎಳೆದ್ಲು, ತಗಡು ಬರ್ಲಿಲ್ಲ ಅಂತ ಬರೆ."

"ಬರೀತೀನಿ."

ನಾಲ್ಕು ಹೆಜ್ಜೆ ನಡೆದು ಮತ್ತೆ ತಿರುಗಿದರು.

"ಆ ತಗಡು ಕೂರಿಸಿದ್ದು ಅವಳಮ್ಮನೇ ಅಂತಾನೂ ಬರೆ."